ವೇಟಿಂಗ್ ಲಿಸ್ಟ್‌ನಲ್ಲಿ ಮಾಸ್ಕೋ: ಭಾರತದ ಬ್ಯಾಸ್ಕೆಟ್‌ಬಾಲ್ ತಂಡದ ಇತಿಹಾಸ ಓದುವವರಿಗೆ ಟಿಪ್ಪಣಿ

ದೈಹಿಕ ಶಿಕ್ಷಣದ ಪರೀಕ್ಷೆಗೆ ಓದುತ್ತಿರುವ ನಾವು ನಾಲ್ವರು ಭಾನುವಾರ ಬೆಳಿಗ್ಗೆ ಮಾಟುಂಗದಲ್ಲಿ ಸೇರಿ, ವಾರಕ್ಕೊಬ್ಬರಂತೆ ಒಂದೊಂದು ಅಧ್ಯಾಯವನ್ನು ಉಳಿದವರಿಗೆ ವಿವರಿಸುವ ಕ್ರಮ ಇಟ್ಟುಕೊಂಡಿದ್ದೇವೆ. ಈ ಸಲ ನನ್ನ ಪಾಲಿಗೆ ಬಂದದ್ದು ಅಂತರರಾಷ್ಟ್ರೀಯ ಕಣದಲ್ಲಿ ಭಾರತದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ. ಅಧ್ಯಾಯ ಚಿಕ್ಕದು, ಆದರೂ ನಾನು ಎರಡು ಕಡೆ ಎಡವಿದೆ, ಟಿಪ್ಪಣಿಯ ಹೆಚ್ಚಿನ ಭಾಗ ಅವೆರಡಕ್ಕೇ ಹೋಗಿದೆ.

ಬಾಯಿಪಾಠಕ್ಕೆ ಬೇಕಾದಷ್ಟನ್ನು ಮೊದಲು ಬರೆದುಬಿಡುತ್ತೇನೆ. ಭಾರತವು 1936ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ಸದಸ್ಯತ್ವ ಪಡೆಯಿತು. ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ 1950ರಲ್ಲಿ ಹುಟ್ಟಿತು. ಏಷ್ಯಾ ಮಟ್ಟದ ಮುಖ್ಯ ಪಂದ್ಯಾವಳಿಗೆ ತಂಡ ಮೊದಲು ಇಳಿದದ್ದು 1965ರಲ್ಲಿ, ಕೌಲಾಲಂಪುರದಲ್ಲಿ. ವಿಶ್ವಕಪ್‌ಗೆ ಇದುವರೆಗೆ ಒಮ್ಮೆಯೂ ಅರ್ಹತೆ ಸಿಕ್ಕಿಲ್ಲ. ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಂದೇ ಸಲ, 1980ರ ಮಾಸ್ಕೋದಲ್ಲಿ.

ನಾಲ್ಕನೆಯವರು ಹೋಗಲಿಲ್ಲ, ಐದನೆಯವರು ಹೋದರು

ನಾನು ಮೊದಲು ಎಡವಿದ್ದು ಇಲ್ಲಿ. ಏಷ್ಯಾ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಅತ್ಯುತ್ತಮ ಸಾಧನೆ 1975ರ ಬ್ಯಾಂಕಾಕ್‌ನ ನಾಲ್ಕನೆಯ ಸ್ಥಾನ. ಮುಂದೆ 1979ರ ನಗೋಯಾದಲ್ಲಿ ತಂಡ ಐದನೆಯ ಸ್ಥಾನಕ್ಕೆ ಇಳಿಯಿತು. ಆದರೆ ಒಲಿಂಪಿಕ್ಸ್‌ಗೆ ಹೋದದ್ದು ಐದನೆಯ ಸ್ಥಾನ ಪಡೆದ ತಂಡ. ನಾಲ್ಕನೆಯ ಸ್ಥಾನದ ತಂಡ ಮನೆಯಲ್ಲೇ ಉಳಿಯಿತು. ಇಸವಿಗಳನ್ನು ತಿರುವು ಮುರುವಾಗಿ ಬರೆದುಕೊಂಡಿದ್ದೇನೆಂದು ಭಾವಿಸಿ, ಆ ಸಾಲನ್ನು ನಾನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ತಪ್ಪಿದ್ದದ್ದು ಇಸವಿಯಲ್ಲಲ್ಲ, ಸ್ಥಾನವನ್ನೇ ಅರ್ಹತೆ ಎಂದು ನಾನು ಓದುತ್ತಿದ್ದ ರೀತಿಯಲ್ಲಿ.

ಊರಿಗೆ ಹೋಗಲು ಮತ್ಸ್ಯಗಂಧ ರೈಲಿಗೆ ಟಿಕೆಟ್ ತೆಗೆಸಿ, ಚಾರ್ಟ್ ಬರುವವರೆಗೂ ಉಸಿರು ಹಿಡಿದು ಕೂತವರಿಗೆ ಇದನ್ನು ಹೇಳಿಕೊಡುವುದು ಸುಲಭ. ವೇಟಿಂಗ್ ಲಿಸ್ಟ್‌ನಲ್ಲಿ ನಮ್ಮ ಸಂಖ್ಯೆ ಎಷ್ಟು ಎಂಬುದು ಅರ್ಧ ಲೆಕ್ಕ ಮಾತ್ರ. ನಮ್ಮ ಮುಂದಿನವರಲ್ಲಿ ಎಷ್ಟು ಮಂದಿ ಟಿಕೆಟ್ ರದ್ದು ಮಾಡಿದರು ಎಂಬುದು ಉಳಿದರ್ಧ.

ಈಗ 1975ನ್ನು ಹೀಗೆ ಬಿಡಿಸಿ ನೋಡೋಣ. ಒಲಿಂಪಿಕ್ಸ್‌ನಲ್ಲಿ ಏಷ್ಯಾಕ್ಕೆ ಇದ್ದದ್ದು ಒಂದೇ ಸೀಟು, ಅದು ಏಷ್ಯಾ ಚಾಂಪಿಯನ್‌ಗೆ. ಬ್ಯಾಂಕಾಕ್‌ನಲ್ಲಿ ಚೀನಾ ಮೊದಲನೆಯದು, ಜಪಾನ್ ಎರಡನೆಯದು, ದಕ್ಷಿಣ ಕೊರಿಯಾ ಮೂರನೆಯದು, ಭಾರತ ನಾಲ್ಕನೆಯದು. ಎಂದರೆ ವೇಟಿಂಗ್ ಲಿಸ್ಟ್‌ನಲ್ಲಿ ನಮ್ಮದು ಮೂರನೆಯ ಸಂಖ್ಯೆ. ಚೀನಾ ಆಗ ಒಲಿಂಪಿಕ್ ಚಳವಳಿಯ ಒಳಗೇ ಇರಲಿಲ್ಲವಾದ್ದರಿಂದ ಸೀಟು ಒಂದು ಮೆಟ್ಟಿಲು ಕೆಳಗಿಳಿದು ಜಪಾನಿನ ಕೈಸೇರಿತು, ಜಪಾನ್ 1976ರಲ್ಲಿ ಮಾಂಟ್ರಿಯಲ್‌ಗೆ ಹೋಯಿತು, ಅಲ್ಲಿಗೆ ಪಟ್ಟಿ ನಿಂತಿತು.

ನಗೋಯಾದಲ್ಲಿ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್, ಆಮೇಲೆ ಭಾರತ. ನಮ್ಮ ಸಂಖ್ಯೆ ನಾಲ್ಕಕ್ಕೆ ಜಾರಿತ್ತು. ಆದರೆ ಅದೇ ಡಿಸೆಂಬರ್ ಕೊನೆಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕಿತು, ಅಮೆರಿಕ ಬಹಿಷ್ಕಾರಕ್ಕೆ ಕರೆ ಕೊಟ್ಟಿತು, ಮತ್ತು ನಮ್ಮ ಮುಂದಿದ್ದ ನಾಲ್ಕೂ ದೇಶಗಳು ಮಾಸ್ಕೋಗೆ ಹೋಗಲಿಲ್ಲ. ಬಹಿಷ್ಕಾರಕ್ಕೆ ಸೇರದ ಭಾರತಕ್ಕೆ ಸೀಟು ಖಾತ್ರಿಯಾಯಿತು. ಮೂರನೆಯ ಸಂಖ್ಯೆಗೆ ಸಿಗದದ್ದು ನಾಲ್ಕನೆಯ ಸಂಖ್ಯೆಗೆ ಸಿಕ್ಕಿತು. ವ್ಯತ್ಯಾಸವಾದದ್ದು ಮುಂದಿನವರ ರದ್ದತಿಯಲ್ಲಿ. ಇಲ್ಲೊಂದು ಸ್ವಾರಸ್ಯವಿದೆ: ಚೀನಾಕ್ಕೆ ಒಲಿಂಪಿಕ್ ಬಾಗಿಲು ತೆರೆದ 1979ರ ಅಕ್ಟೋಬರ್ ನಿರ್ಣಯವೂ ನಗೋಯಾದ ಸಭೆಯಲ್ಲೇ ಆಗಿತ್ತು. ಬಾಗಿಲು ತೆರೆದ ಮೊದಲ ಬೇಸಿಗೆಯಲ್ಲೇ ಚೀನಾ ಹೊರಗುಳಿಯಿತು.

ಮಾಸ್ಕೋದಲ್ಲಿ ಆಡಿದ್ದು ಹನ್ನೆರಡು ತಂಡಗಳು. ಪರಮ್‌ಜಿತ್ ಸಿಂಗ್ ನಾಯಕತ್ವದ ಭಾರತ ಎಲ್ಲ ಪಂದ್ಯಗಳನ್ನೂ ಸೋತು ಹನ್ನೆರಡನೆಯದಾಯಿತು. ಆತಿಥೇಯ ಸೋವಿಯತ್ ತಂಡದೆದುರಿನ ಅಂಕ 65–121. ಈ ಅಂಕಿಯನ್ನು ಇಂದಿನ ಕಣ್ಣಿನಿಂದ ಓದಬಾರದು: ಫಿಬಾ ಆಟದಲ್ಲಿ ಮೂರು ಅಂಕದ ಗೆರೆ ಬಂದದ್ದು 1984ರಲ್ಲಿ, ಆದ್ದರಿಂದ ಆ 121 ಅಂಕಗಳೂ ಎರಡೆರಡಾಗಿ ಮತ್ತು ಫ್ರೀ ಥ್ರೋಗಳ ಒಂದೊಂದಾಗಿ ಕೂಡಿದವು. ಆಗ ದಾಳಿಗೆ ಸಿಗುತ್ತಿದ್ದ ಅವಧಿಯೂ ಈಗಿನಂತೆ 24 ಸೆಕೆಂಡಲ್ಲ, 30. ಅಂತಹ ನಿಧಾನದ ಆಟದಲ್ಲೂ 121 ಬಿಟ್ಟುಕೊಟ್ಟರೆ, ಬುಟ್ಟಿಯ ಕೆಳಗೆ ನಮ್ಮವರಿಗೆ ಎತ್ತರವೇ ಸಾಲಲಿಲ್ಲವೆಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ. ಮಾಸ್ಕೋ ಎಂದೊಡನೆ ಡೊಂಬಿವಲಿಯ ನನ್ನ ಸೋದರಮಾವನಿಗೆ ಹಾಕಿ ಚಿನ್ನವೊಂದೇ ನೆನಪಾಗುತ್ತದೆ. "ಬ್ಯಾಸ್ಕೆಟ್‌ಬಾಲ್‌ನವರೂ ಹೋಗಿದ್ರೇನೋ?" ಎಂದು ಅವರು ನನ್ನನ್ನೇ ಕೇಳಿದರು.

ಒಂದು ಹೆಸರು, ಎರಡು ಪಂದ್ಯಾವಳಿ

ಎರಡನೆಯ ತೊಡಕು ಏಷ್ಯಾ ಕಪ್ ಎಂಬ ಹೆಸರಿನದು. ಜುಲೈ 2014ರಲ್ಲಿ ವುಹಾನ್‌ನಲ್ಲಿ ಭಾರತ 65–58ರಿಂದ ಚೀನಾವನ್ನು ಸೋಲಿಸಿತು. ಅದು ಫಿಬಾ ಏಷ್ಯಾ ಕಪ್‌ನಲ್ಲಿ. ಹಾಗಾದರೆ 1975ರಲ್ಲಿ ನಾಲ್ಕನೆಯದಾದ ಪಂದ್ಯಾವಳಿಯಲ್ಲೇ ಈ ಗೆಲುವು ಬಂತೇ? ಇಲ್ಲ. 1960ರಲ್ಲಿ ಮನಿಲಾದಲ್ಲಿ ಎಬಿಸಿ (ಏಷ್ಯಾ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಚಾಂಪಿಯನ್‌ಶಿಪ್ ಎಂದು ಆರಂಭವಾಗಿ, ಮುಂದೆ ಫಿಬಾ ಏಷ್ಯಾ ಚಾಂಪಿಯನ್‌ಶಿಪ್ ಎನಿಸಿಕೊಂಡದ್ದು ಮುಖ್ಯ ಪಂದ್ಯಾವಳಿ. ಅದಕ್ಕೆ ಏಷ್ಯಾ ಕಪ್ ಎಂಬ ಹೆಸರು ಬಂದದ್ದು 2017ರಲ್ಲಿ. ವುಹಾನ್‌ನದು ಬೇರೆ, ಚಿಕ್ಕದು. ಮೊದಲು ಸ್ಟಾಂಕೋವಿಚ್ ಕಪ್ ಎಂದು ಕರೆಯಲಾಗುತ್ತಿದ್ದದ್ದು, 2016ರಲ್ಲಿ ಏಷ್ಯಾ ಚಾಲೆಂಜ್ ಆದದ್ದು. ನಾನು ಕಂಡುಕೊಂಡ ಅಡ್ಡದಾರಿ ಇಷ್ಟೇ: ಏಷ್ಯಾ ಕಪ್ ಎಂದು ಕಂಡಲ್ಲಿ ಇಸವಿ ನೋಡಿ, 2017 ಅಥವಾ ಅದರಾಚೆಯದಾದರೆ ದೊಡ್ಡದು, 2014 ಆದರೆ ಚಿಕ್ಕದು. ವಿಶೇಷ್ ಭೃಗುವಂಶಿ, ಅಮೃತ್‌ಪಾಲ್ ಸಿಂಗ್ ಆಡಿದ, ಸ್ಕಾಟ್ ಫ್ಲೆಮಿಂಗ್ ತರಬೇತಿ ಕೊಟ್ಟ ಆ ತಂಡದ ಗೆಲುವು ಇದರಿಂದ ಕಿರಿದಾಗುವುದಿಲ್ಲ. ಯಾವ ಕಾಲಂನಲ್ಲಿ ಬರೆಯಬೇಕೆಂಬುದಷ್ಟೇ ತಿಳಿಯುತ್ತದೆ.

ಮುಖ್ಯ ಪಂದ್ಯಾವಳಿಯಲ್ಲಿ 2015ರ ಚಾಂಗ್ಶಾದ ಎಂಟನೆಯ ಸ್ಥಾನವನ್ನು ನಾನು ಸಣ್ಣದೆಂದು ಕಾಣುವುದಿಲ್ಲ. ಅದಾದ ಮೇಲೆ 2017ರಿಂದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಏಷ್ಯಾದ ವಿಭಾಗಕ್ಕೇ ಸೇರಿಕೊಂಡವು. ಬೈರೂತ್‌ನ 2017, ಜಕಾರ್ತಾದ 2022, ಜೆಡ್ಡಾದ 2025: ಮೂರು ಕಡೆಯೂ ಭಾರತ ಗುಂಪಿನ ಮೂರೂ ಪಂದ್ಯಗಳನ್ನು ಸೋತಿತು. ಜೆಡ್ಡಾದಲ್ಲಿ ಜೋರ್ಡಾನ್ ಎದುರು ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 84–91ರಲ್ಲಿ ಕೈತಪ್ಪಿತು.

ನಮ್ಮ ಸುತ್ತಮುತ್ತಲಿನವರು

ಮುಂಬೈಯಲ್ಲಿದ್ದು ಈ ಅಧ್ಯಾಯ ಓದುವವರು ನಾಗಪಾಡಕ್ಕೆ ಒಂದು ಸಂಜೆ ಹೋಗಿಬರಬೇಕು. ಭಾರತ ತಂಡದ ನಾಯಕರಾಗಿದ್ದ, 1970ರ ಅರ್ಜುನ ಪ್ರಶಸ್ತಿ ಪಡೆದ ಗುಲಾಂ ಅಬ್ಬಾಸ್ ಮೂಂತಸಿರ್ ಆ ಮೊಹಲ್ಲಾದವರು. ನಾನು ಹೋದಾಗ ದೀಪ ಹೊತ್ತಿಸುವ ಹೊತ್ತು. ಸಿಮೆಂಟಿನ ಅಂಕಣದಲ್ಲಿ ಹುಡುಗನೊಬ್ಬ ಸವೆದು ನುಣುಪಾದ ಚೆಂಡನ್ನು ಪ್ಯಾಂಟಿಗೆ ಒರೆಸಿಕೊಂಡು ಒಂದೇ ಜಾಗದಿಂದ ಮತ್ತೆ ಮತ್ತೆ ಎಸೆಯುತ್ತಿದ್ದ, ಪ್ರತಿ ಸಲವೂ ಬಲೆಯಿಲ್ಲದ ಬಳೆಯೊಳಗಿಂದ ಅದು ಸದ್ದಿಲ್ಲದೆ ಕೆಳಗಿಳಿಯುತ್ತಿತ್ತು.

ಮಹಿಳೆಯರ ತಂಡ ನನ್ನ ಅಧ್ಯಾಯದ ಹೊರಗಿದ್ದರೂ ಒಂದು ಪಂದ್ಯವನ್ನು ಅಂಚಿನಲ್ಲಿ ಬರೆದುಕೊಂಡಿದ್ದೇನೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ 75–73ರಿಂದ ಕಜಾಕಸ್ತಾನವನ್ನು ಸೋಲಿಸಿ ಎ ವಿಭಾಗಕ್ಕೆ ಏರಿತು. ಪುಣೆಯ ಶಿರೀನ್ ಲಿಮಯೆ ಆ ತಂಡದಲ್ಲಿದ್ದರು. ಈ ಸೀಟನ್ನು ಯಾರೂ ರದ್ದು ಮಾಡಿ ಬಿಟ್ಟುಕೊಟ್ಟಿರಲಿಲ್ಲ.