ನೂರು ವರ್ಷದ ಹಿಂದೆಯೇ ಇದ್ದ ಎಲೆಕ್ಟ್ರಿಕ್ ಕಾರು ಮಾಯವಾಗಿದ್ದು ಯಾಕೆ?

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಹೊಸದಲ್ಲ, ನಮ್ಮ ಮುತ್ತಜ್ಜನ ಕಾಲದಲ್ಲೇ ಇತ್ತು ಅಂತಾರೆ. ನಿಜಾನಾ? ಹಾಗಿದ್ದರೆ ಪೆಟ್ರೋಲ್ ಕಾರು ಗೆದ್ದಿದ್ದು ಹೇಗೆ? ಪೆಟ್ರೋಲ್ ಕಂಪನಿಗಳು ಸೇರಿ ಮುಗಿಸಿಬಿಟ್ಟವಾ?

ಉತ್ತರ: ನಿಜ, ಇತ್ತು. ಚೆನ್ನಾಗಿಯೂ ಓಡುತ್ತಿತ್ತು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳು ಸುಮಾರು 4,200. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹಬೆ ಮತ್ತು ಬ್ಯಾಟರಿಯ ಗಾಡಿಗಳೇ. ಪೆಟ್ರೋಲ್ ಕಾರು ಕಾಲು ಭಾಗವೂ ಇರಲಿಲ್ಲ. 1897ರ ಹೊತ್ತಿಗೇ ನ್ಯೂಯಾರ್ಕ್‌ನಲ್ಲಿ ಬ್ಯಾಟರಿ ಟ್ಯಾಕ್ಸಿಗಳಿದ್ದವು. ಗಂಟೆಗೆ 100 ಕಿ.ಮೀ. ವೇಗ ದಾಟಿದ ಮೊದಲ ಕಾರು ಕೂಡ ಬ್ಯಾಟರಿಯದೇ. 1899ರಲ್ಲಿ ಪ್ಯಾರಿಸ್ ಹತ್ತಿರ ಕಮೀಲ್ ಜೆನಾಟ್ಜಿ ಅದನ್ನು ಓಡಿಸಿದ್ದರು.

ಆಗಿನ ಪೆಟ್ರೋಲ್ ಕಾರು ಸ್ಟಾರ್ಟ್ ಮಾಡುವುದೇ ಒಂದು ಸಾಹಸ. ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ತಿರುಗಿ ಬಂದು ಕೈ ಮುರಿಯುತ್ತಿತ್ತು. ಅದಕ್ಕೇ ಹೆಬ್ಬೆರಳನ್ನು ಹ್ಯಾಂಡಲ್‌ಗೆ ಸುತ್ತಬಾರದು, ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು ಅಂತ ಹೇಳಿಕೊಡುತ್ತಿದ್ದರು. ಮೇಲಿಂದ ಹೊಗೆ, ಸದ್ದು, ಗೇರಿನ ಗುದ್ದಾಟ. ಬ್ಯಾಟರಿ ಕಾರಿನಲ್ಲಿ ಇದ್ಯಾವುದೂ ಇಲ್ಲ. ಹಾಗಾಗಿ ಪಟ್ಟಣದ ಡಾಕ್ಟರುಗಳು, ಅನುಕೂಲಸ್ಥ ಮನೆಯ ಹೆಂಗಸರು ಅದನ್ನೇ ಇಷ್ಟಪಟ್ಟರು. ಹೆನ್ರಿ ಫೋರ್ಡ್ ವರ್ಷಕ್ಕೆ ಲಕ್ಷಗಟ್ಟಲೆ ಪೆಟ್ರೋಲ್ ಕಾರು ಮಾರುತ್ತಿದ್ದ ಕಾಲದಲ್ಲಿ ಅವರ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರು!

ಹಾಗಾದರೆ ಸೋತಿದ್ದೆಲ್ಲಿ? ಮೊದಲ ಪೆಟ್ಟು ಕೊಟ್ಟಿದ್ದು ಒಂದು ಎಲೆಕ್ಟ್ರಿಕ್ ಮೋಟರೇ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಮಾಡಿದ ಸೆಲ್ಫ್ ಸ್ಟಾರ್ಟರ್, ಅಂದರೆ ಕೈಯ ಬದಲು ತಾನೇ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್, ಬಂತು. ಕೆಟರಿಂಗ್ ಮೊದಲು ಅಂಗಡಿಯ ಗಲ್ಲಾ ಯಂತ್ರಕ್ಕೆ ಮೋಟರ್ ಮಾಡಿದ್ದವರು. ಕೆಲವೇ ಕ್ಷಣ ಜೋರಾಗಿ ತಿರುಗಿದರೆ ಸಾಕು ಅನ್ನುವ ಕೆಲಸಕ್ಕೆ ದೊಡ್ಡ ಮೋಟರ್ ಬೇಕಿಲ್ಲ ಅಂತ ಅವರಿಗೆ ಗೊತ್ತಿತ್ತು. ಹ್ಯಾಂಡಲ್ ಹೊಡೆಯುವ ಕಾಟ ತಪ್ಪುತ್ತಾ ಬಂದಂತೆ ಬ್ಯಾಟರಿ ಕಾರಿನ ದೊಡ್ಡ ಅನುಕೂಲವೂ ಹೋಯಿತು.

ಎರಡನೆಯದು ಬೆಲೆ. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಕಾರು 850 ಡಾಲರಿಗೆ ಬಂತು. 1913ರಲ್ಲಿ ಕಾರ್ಖಾನೆಯಲ್ಲಿ ಅಸೆಂಬ್ಲಿ ಲೈನ್, ಅಂದರೆ ಕಾರು ಸಾಲಿನಲ್ಲಿ ಮುಂದೆ ಸಾಗಿದಂತೆ ಒಬ್ಬೊಬ್ಬರು ಒಂದೊಂದು ಭಾಗ ಜೋಡಿಸುವ ಪದ್ಧತಿ, ಶುರುವಾಯಿತು. ಒಂದು ಚಾಸಿ (ಕಾರಿನ ಅಡಿಯ ಚೌಕಟ್ಟು) ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು ಕೊನೆಗೆ 93 ನಿಮಿಷಕ್ಕೆ ಇಳಿಯಿತು. 1925ರ ಹೊತ್ತಿಗೆ ಕಾರಿನ ಬೆಲೆ 260 ಡಾಲರ್! ಬ್ಯಾಟರಿ ಕಾರುಗಳಿಗೆ ಸಾವಿರ ಡಾಲರಿನ ಮೇಲೆ ಎಷ್ಟೋ ಆಗುತ್ತಿತ್ತು.

ಆದರೆ ನನ್ನ ಪ್ರಕಾರ ನಿಜವಾದ ತೀರ್ಪು ಬಂದಿದ್ದು ಹಳ್ಳಿಗಳಲ್ಲಿ. ಅಮೆರಿಕದಲ್ಲಿ 1930ರ ದಶಕದ ನಡುವಿನಲ್ಲೂ ಹತ್ತರಲ್ಲಿ ಒಂದು ತೋಟದ ಮನೆಗೆ ಮಾತ್ರ ಕರೆಂಟ್ ಇತ್ತು. ಕರೆಂಟೇ ಇಲ್ಲದ ರೈತ ಬ್ಯಾಟರಿ ಕಾರು ತಗೊಂಡು ಏನು ಮಾಡಬೇಕು? ಪೆಟ್ರೋಲ್ ಆದರೆ ಹಳ್ಳಿಯ ಅಂಗಡಿಯಲ್ಲಿ ಡಬ್ಬದಲ್ಲಿ ಸಿಗುತ್ತಿತ್ತು. 1901ರಲ್ಲಿ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಚಿಮ್ಮಿದ ಮೇಲಂತೂ ಅದಕ್ಕೆ ಬರವಿರಲಿಲ್ಲ. ಮಾಡೆಲ್ ಟಿ ನೆಲದಿಂದ ಎತ್ತರಕ್ಕಿತ್ತು, ಕೆಸರು ದಾರಿಯಲ್ಲೂ ಹೋಗುತ್ತಿತ್ತು. ರೈತರು ಅದರಲ್ಲಿ ಹಾಲು, ತರಕಾರಿ ಸಾಗಿಸಿದರು. ಹಿಂದಿನ ಚಕ್ರವನ್ನು ಜಾಕಿ ಮೇಲೆ ಎತ್ತಿ, ಬೆಲ್ಟ್ ಹಾಕಿ ಸೌದೆ ಕೊಯ್ದರು, ನೀರೆತ್ತಿದರು. ಪಟ್ಟಣಕ್ಕೆ ಹೋಗಿಬರಲು ಇಡೀ ದಿನ ಕಳೆಯುತ್ತಿದ್ದ ಮನೆಯವರು ಅರ್ಧ ದಿನದಲ್ಲಿ ವಾಪಸ್ ಬರುವಂತಾಯಿತು. ಅವರ ಬದುಕಿನಲ್ಲಿ ಬ್ಯಾಟರಿ ಕಾರಿಗೆ ಜಾಗವೇ ಇರಲಿಲ್ಲ.

ಬ್ಯಾಟರಿಯದೂ ತಪ್ಪಿತ್ತು ಬಿಡಿ. ಸೀಸದ ಬ್ಯಾಟರಿ ಭಾರ ಜಾಸ್ತಿ, ದೂರ ಕಡಿಮೆ. ಇಷ್ಟೆಲ್ಲ ಕಾರಣ ಕಣ್ಣೆದುರು ಇರುವಾಗ ಪೆಟ್ರೋಲ್ ಕಂಪನಿಗಳ ಸಂಚು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಹಾಗಂತ ಬ್ಯಾಟರಿ ಗಾಡಿಗಳು ಪೂರ್ತಿ ಅಳಿಯಲೂ ಇಲ್ಲ. ಬ್ರಿಟನ್ನಿನಲ್ಲಿ ಮನೆಮನೆಗೆ ಹಾಲು ಹಾಕುವ ಬ್ಯಾಟರಿ ಗಾಡಿಗಳು ದಶಕಗಟ್ಟಲೆ ಓಡಿದವು. ದಿನಾ ಅದೇ ಬೀದಿ, ಹೆಜ್ಜೆಗೊಂದು ನಿಲುಗಡೆ, ಕೆಲಸ ಮುಗಿದ ಮೇಲೆ ಡಿಪೋದಲ್ಲಿ ಚಾರ್ಜಿಂಗ್. ಬೆಳಗಿನ ಜಾವ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ. ನಮ್ಮ ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರಿನಲ್ಲಿದ್ದದ್ದೂ ಮೊದಲಿಗೆ ಸೀಸದ ಬ್ಯಾಟರಿಯೇ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಲಂಡನ್ನಿನಲ್ಲಿ ಅದು ಜಿ-ವಿಜ್ ಅನ್ನುವ ಹೆಸರಲ್ಲಿ ಓಡಿತು. ಅಲ್ಲಿ ಊರ ನಡುವಿಗೆ ಹೋಗಲು ಪೆಟ್ರೋಲ್ ಕಾರಿಗೆ ಶುಲ್ಕ ಇತ್ತು, ಇದಕ್ಕೆ ಇರಲಿಲ್ಲ.

ಈಗ ಹಗುರವಾದ ಲಿಥಿಯಂ ಬ್ಯಾಟರಿ ಬಂದು ದೂರದ ಚಿಂತೆ ಎಷ್ಟೋ ಕಡಿಮೆಯಾಗಿದೆ. ಆದರೆ ಕರೆಂಟಿನ ಲೆಕ್ಕ ತಿರುಗಿ ಕೂತಿದೆ. ಅಂದು ಚಾರ್ಜಿಂಗ್ ಪಟ್ಟಣದವರ ಅನುಕೂಲವಾಗಿತ್ತು. ಇಂದು ಸ್ವಂತ ಅಂಗಳ ಇರುವ ಹಳ್ಳಿ ಮನೆಯವರು ಒಂದು ಪ್ಲಗ್ ಪಾಯಿಂಟ್ ಎಳೆಸಿಕೊಂಡರೆ ಸಾಕು. ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದು ರಸ್ತೆ ಬದಿ ಕಾರು ನಿಲ್ಲಿಸುವವರಿಗೇ ಕಷ್ಟ ಜಾಸ್ತಿ.