ಎದೆ ಮೇಲೆ ಬೀಳುವ ಚುಕ್ಕಿ ಬೆಳಕು ‘ಕರೆಂಟ್’ ಅಲ್ಲ

ಚಿಂತಾಮಣಿ, ಶಿಡ್ಲಘಟ್ಟ, ಮುಳಬಾಗಿಲು ಕಡೆ ಕ್ಯಾನ್ಸರಿನ ರೇಡಿಯೋಥೆರಪಿಗೆ ಜನ ‘ಕರೆಂಟ್ ಕೊಡೋದು’ ಅಂತಾರೆ. ಶಾಕ್ ಹೊಡೆಯುತ್ತೆ, ಮೈಯೆಲ್ಲ ಸುಟ್ಟುಹೋಗುತ್ತೆ ಅನ್ನುವ ಭಯಕ್ಕೆ ಅರ್ಧ ಕಾರಣ ಈ ಹೆಸರೇ. ಅಂಥ ಭಯದಲ್ಲಿ ಮಲಗಿದವರ ಎದೆ ಮೇಲೆ ಛಾವಣಿಯಿಂದ ಕೆಂಪು ಚುಕ್ಕಿ ಬೆಳಕು ಬಿದ್ದರೆ, ಕರೆಂಟು ಇದೇ ಅಂತ ಅವರು ಅಂದುಕೊಳ್ಳುವುದು ಸಹಜ. ಆದರೆ ಚಿಕಿತ್ಸೆ ಮಾಡುವ ಎಕ್ಸ್-ರೇ ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಾಗಿದ್ದೂ ಗೊತ್ತಾಗುವುದಿಲ್ಲ. ಕಾಣುವ ಆ ಬೆಳಕು ಬರೀ ಅಳತೆ ಮಾಡುತ್ತದೆ. ಅದರಲ್ಲಿ ಚಿಕಿತ್ಸೆಯ ವಿಕಿರಣ ಎಳ್ಳಷ್ಟೂ ಇಲ್ಲ.

ಅಳತೆ ಯಾಕೆ ಬೇಕು? ಯಂತ್ರದ ಕಿರಣಗಳೆಲ್ಲ ಕೋಣೆಯ ಒಂದೇ ಬಿಂದುವಿಗೆ ಗುರಿಯಿಟ್ಟಿರುತ್ತವೆ. ಅದಕ್ಕೆ ಐಸೋಸೆಂಟರ್ ಎಂದು ಹೆಸರು. ಚಿಕಿತ್ಸೆಯ ಯೋಜನೆಗೆಂದು ಸಿ.ಟಿ. ಸ್ಕ್ಯಾನ್ ತೆಗೆದ ದಿನ ರೋಗಿ ಹೇಗೆ ಮಲಗಿದ್ದರೋ, 15 ದಿನವೋ 25 ದಿನವೋ ಹಾಗೇ ಮಲಗಬೇಕು. ಹಳೆಯ ಕ್ರಮದಲ್ಲಿ ಚರ್ಮದ ಮೇಲೆ ಮೂರು ಹಚ್ಚೆ ಚುಕ್ಕಿ ಹಾಕಿ, ಗೋಡೆಯ ಲೇಸರ್ ಗೆರೆಗೆ ಹೊಂದಿಸುತ್ತಾರೆ. ಆದರೆ ಚರ್ಮ ಮೂಳೆಗೆ ಅಂಟಿಕೊಂಡಿಲ್ಲ, ಜಾರುತ್ತದೆ. ತಲೆಯ ಮೇಲೆತ್ತಿದ ತೋಳು ಸ್ವಲ್ಪ ಇಳಿದರೂ ಸ್ತನದ ಆಕಾರ ಬದಲಾಗುತ್ತದೆ, ಚುಕ್ಕಿಗಳು ಮಾತ್ರ ಗೆರೆಯ ಮೇಲೇ ಇರುತ್ತವೆ. ಮೈ ಬರೀ 1 ಡಿಗ್ರಿ ತಿರುಗಿದರೆ 20 ಸೆಂ.ಮೀ. ದೂರದ ಜಾಗ ಸುಮಾರು 3.5 ಮಿ.ಮೀ. ಸರಿದಿರುತ್ತದೆ.

ಈಗ ಬೆಳಕಿನ ಕೆಲಸ ನೋಡೋಣ. ನಂದಿ ಬೆಟ್ಟ ಹತ್ತದೆಯೇ ಅದು ಎಷ್ಟು ದೂರ ಎಂದು ಹೇಳಬಹುದು. ಬಯಲಲ್ಲಿ ಒಂದು ಗೆರೆ ಅಳೆದುಕೊಳ್ಳಿ. ಅದರ ಎರಡು ತುದಿಯಿಂದಲೂ ಬೆಟ್ಟದ ತುದಿ ಯಾವ ಕೋನದಲ್ಲಿ ಕಾಣುತ್ತದೆ ನೋಡಿ. ಒಂದು ಬದಿ, ಎರಡು ಕೋನ ಸಿಕ್ಕರೆ ತ್ರಿಕೋನ ಪೂರ್ತಿಯಾಯಿತು. 1800ರಲ್ಲಿ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಲ್ಲಿ ಉಕ್ಕಿನ ಸರಪಳಿ ಎಳೆಸಿ ಆಧಾರರೇಖೆ ಅಳೆದದ್ದು ಈ ಲೆಕ್ಕಕ್ಕೇ. ಅದೇ ತ್ರಿಕೋನಗಳು ಮುಂದೆ ದೇಶವನ್ನೇ ಅಳೆದವು. ಚಿಕಿತ್ಸಾ ಕೋಣೆಯಲ್ಲಿ ಆಧಾರರೇಖೆಯೆಂದರೆ ಛಾವಣಿಯ ಪೆಟ್ಟಿಗೆಯೊಳಗಿನ ಎರಡು ಕ್ಯಾಮೆರಾಗಳ ನಡುವಿನ ದೂರ. ಬೆಟ್ಟದ ತುದಿಯ ಜಾಗದಲ್ಲಿ ಎದೆಯ ಮೇಲಿನ ಸಾವಿರಾರು ಬಿಂದುಗಳಿವೆ.

ಇಲ್ಲೊಂದು ತೊಡಕು. ಬೆಟ್ಟಕ್ಕೆ ತುದಿಯಿದೆ, ನುಣುಪು ಚರ್ಮಕ್ಕೆ ಗುರುತೇ ಇಲ್ಲ. ಎಡ ಕ್ಯಾಮೆರಾ ಕಂಡ ಬಿಂದುವನ್ನೇ ಬಲ ಕ್ಯಾಮೆರಾ ಕಂಡಿತೆಂದು ಗೊತ್ತಾಗುವುದು ಹೇಗೆ? ಸುಣ್ಣ ಬಳಿದ ಗೋಡೆಯಲ್ಲಿ ‘ಅಗೋ ಅಲ್ಲಿ’ ಅಂದರೆ ಎಲ್ಲಿ? ಅದಕ್ಕೇ ಪೆಟ್ಟಿಗೆಯಲ್ಲಿರುವ ಪ್ರೊಜೆಕ್ಟರ್ ಚುಕ್ಕಿ ಚೆಲ್ಲುತ್ತದೆ. ರಂಗೋಲಿಯ ಚುಕ್ಕಿಯಂತೆ ಸಾಲಾಗಿ ಇಟ್ಟರೆ ಪ್ರಯೋಜನವಿಲ್ಲ, ಯಾವ ಸಾಲಿನ ಎಷ್ಟನೇ ಚುಕ್ಕಿ ಅನ್ನುವ ಗೊಂದಲ ಉಳಿಯುತ್ತದೆ. ಸಾಸಿವೆ ಚೆಲ್ಲಿದ ಹಾಗೆ ಅಡ್ಡಾದಿಡ್ಡಿಯಾಗಿರಬೇಕು. ರೇಷ್ಮೆಹುಳು ತಿಂದ ಹಿಪ್ಪುನೇರಳೆ ಎಲೆಗಳನ್ನು ನೋಡಿ, ಒಂದರ ತೂತು ಇನ್ನೊಂದರ ಹಾಗಿರುವುದಿಲ್ಲ. ಹಾಗೆಯೇ ಚರ್ಮದ ಒಂದೊಂದು ತುಣುಕಿಗೂ ಅದರದೇ ಗುರುತು ಬರುತ್ತದೆ. (ಚುಕ್ಕಿಯ ಬದಲು ಪಟ್ಟೆ ಪಟ್ಟೆ ಬೆಳಕು ಓಡಿಸುವ ಯಂತ್ರಗಳೂ ಇವೆ. ಅಲ್ಲಿಯೂ ತ್ರಿಕೋನದ್ದೇ ಲೆಕ್ಕ.)

ಹೀಗೆ ಸಿಕ್ಕ ಮೇಲ್ಮೈಯನ್ನು ಸಾಫ್ಟ್‌ವೇರ್ ಸಿ.ಟಿ.ಯ ಮೇಲ್ಮೈಗೆ ಹೋಲಿಸಿ, ಮೈ ಎಷ್ಟು ಸರಿದಿದೆಯೆಂದು ಆರು ಸಂಖ್ಯೆ ಕೊಡುತ್ತದೆ: ಮೇಲೆ-ಕೆಳಗೆ, ಎಡ-ಬಲ, ತಲೆ-ಕಾಲಿನ ಕಡೆ, ಮತ್ತೆ ಮೂರು ತಿರುವು. ಯಾವ ಭಾಗ ಹೋಲಿಸಬೇಕೆಂದು ಗುರುತು ಹಾಕುವವರು ಮನುಷ್ಯರು, ತಪ್ಪುವುದೂ ಹೆಚ್ಚಾಗಿ ಇಲ್ಲೇ. ಎದೆಮೂಳೆಯ ಮೇಲಿನ ಚಪ್ಪಟೆ ಜಾಗ ಮಾತ್ರ ಆರಿಸಿದರೆ, ತಟ್ಟೆಯ ಮೇಲೆ ತಟ್ಟೆ ಜಾರಿದ ಹಾಗೆ ಸಾಫ್ಟ್‌ವೇರಿಗೆ ಹಿಡಿತವೇ ಸಿಗದು. ಹೊಟ್ಟೆಯನ್ನೂ ಸೇರಿಸಿದರೆ ಉಸಿರಾಟದ ಏರಿಳಿತ ಲೆಕ್ಕ ಕೆಡಿಸುತ್ತದೆ. ಉಬ್ಬುತಗ್ಗು ಇರಬೇಕು, ಅಲುಗಾಟ ಕಡಿಮೆಯಿರಬೇಕು.

ಇದರ ದೊಡ್ಡ ಲಾಭ ಎಡಸ್ತನದ ಕ್ಯಾನ್ಸರಿನಲ್ಲಿ. ದೀರ್ಘವಾಗಿ ಉಸಿರೆಳೆದಾಗ ಶ್ವಾಸಕೋಶ ತುಂಬಿ, ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಹೃದಯಕ್ಕೆ ಬೀಳುವ ಸರಾಸರಿ ವಿಕಿರಣ 1 ಗ್ರೇ (ವಿಕಿರಣ ಅಳೆಯುವ ಮಾನ) ಹೆಚ್ಚಿದಂತೆಲ್ಲ ಗಂಭೀರ ಹೃದ್ರೋಗದ ಅಪಾಯ 7.4% ಏರುತ್ತದೆಂದು 2013ರ ಅಧ್ಯಯನವೊಂದು ತೋರಿಸಿತು. ಆದ್ದರಿಂದಲೇ ಮೈಕಿನಲ್ಲಿ ಆ ದನಿ: “ಅಮ್ಮಾ, ಉಸಿರು ಎಳ್ಕೊಳ್ಳಿ… ಇನ್ನೂ ಸ್ವಲ್ಪ… ಹಾಂ, ಹಿಡ್ಕೊಳ್ಳಿ.” ಎದೆ ನಿಗದಿತ ಎತ್ತರಕ್ಕೆ ಬಂದು ಅಲ್ಲೇ ನಿಂತರೆ ಕಿರಣ ಹರಿಯುತ್ತದೆ, ಸಾಮಾನ್ಯವಾಗಿ ಇಟ್ಟುಕೊಳ್ಳುವ 3 ಮಿ.ಮೀ. ಮಿತಿ ದಾಟಿದರೆ ನಿಲ್ಲುತ್ತದೆ. ಸುಮಾರು 20 ಸೆಕೆಂಡು ಹಿಡಿದರೆ ಸಾಕು, ಕೆಮ್ಮು ಬಂದರೆ ಗಾಬರಿಪಡಬೇಕಿಲ್ಲ. ಕೆಲವರು ಉಸಿರೆಳೆಯುವ ಬದಲು ಬೆನ್ನು ಬಿಲ್ಲಿನಂತೆ ಬಾಗಿಸಿ ಎದೆ ಎತ್ತುತ್ತಾರೆ. ಎತ್ತರ ಸರಿಯಾಗಿ ಕಂಡರೂ ಶ್ವಾಸಕೋಶ ತುಂಬಿರುವುದಿಲ್ಲ. ತಲೆ-ಕಾಲಿನ ಓಲಾಟದ ಸಂಖ್ಯೆಯಲ್ಲಿ ಇದು ಗೊತ್ತಾಗುತ್ತದೆ. ಸೊಂಟ ಹಾಸಿಗೆಗೆ ಒತ್ತಿಕೊಂಡೇ ಉಸಿರೆಳೆಯಲು ಮೊದಲೇ ಅಭ್ಯಾಸ ಮಾಡಿಸಬೇಕು.

ಕೆಡುವ ದಾರಿ ಬೇರೆಯೂ ಇವೆ. ಯಂತ್ರದ ತೋಳು ತಿರುಗುವಾಗ ಒಂದು ಪೆಟ್ಟಿಗೆಗೆ ಅಡ್ಡ ಬರುತ್ತದೆ, ಅದಕ್ಕೇ ಸಾಮಾನ್ಯವಾಗಿ ಇಂಥ ಮೂರು ಪೆಟ್ಟಿಗೆ ಇರುತ್ತವೆ. ಕಪ್ಪು ಮೈಬಣ್ಣ ಬೆಳಕನ್ನು ಕಡಿಮೆ ಮರಳಿಸುತ್ತದೆ, ಆಗ ಕ್ಯಾಮೆರಾದ ಎಕ್ಸ್‌ಪೋಶರ್ ಏರಿಸಬೇಕು. ಏರಿಸದಿದ್ದರೆ ಮೇಲ್ಮೈಯಲ್ಲಿ ತೂತು ಬೀಳುತ್ತವೆ. ಎಣ್ಣೆ ಹಚ್ಚಿ ಹೊಳೆಯುವ ಚರ್ಮವೂ ತೊಂದರೆಯೇ. ತಾಯತ, ತಾಳಿ, ಟವೆಲಿನ ಅಂಚು ಗುರುತು ಹಾಕಿದ ಜಾಗದಲ್ಲಿದ್ದರೆ ಅದನ್ನೂ ಎದೆಯೆಂದೇ ಯಂತ್ರ ಅಳೆಯುತ್ತದೆ. ಈಗಷ್ಟೇ ಆನ್ ಮಾಡಿದ ಕ್ಯಾಮೆರಾ ಬಿಸಿಯೇರುವವರೆಗೆ ಅಳತೆ ತುಸು ಅಲೆಯುತ್ತದೆ. ಹಾಗಾಗಿ ದಿನಾ ಮೊದಲ ರೋಗಿಗೆ ಮುಂಚೆ ಐಸೋಸೆಂಟರಿನಲ್ಲಿ ಗುರುತಿನ ಹಲಗೆ ಇಟ್ಟು ಪರೀಕ್ಷಿಸಬೇಕು.

ಇಷ್ಟೆಲ್ಲ ಇದ್ದರೂ ಈ ಬೆಳಕಿಗೆ ಕಾಣುವುದು ಹೊರಮೈ ಮಾತ್ರ. ಮೂತ್ರಕೋಶ ತುಂಬಿದರೆ ಅದರ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಸರಿಯುತ್ತದೆ, ಹೊಟ್ಟೆಯ ಚರ್ಮ ಹಾಗೇ ಇರುತ್ತದೆ. ಅಲ್ಲಿ ಒಳಗಿನ ಎಕ್ಸ್-ರೇ ಚಿತ್ರ ತೆಗೆಯಲೇಬೇಕು. ಸ್ತನದಲ್ಲೂ ಶಸ್ತ್ರಚಿಕಿತ್ಸೆಯ ನಂತರದ ಬಾವು ಎರಡನೇ ವಾರಕ್ಕೆ ಇಳಿದರೆ ಸಿ.ಟಿ.ಯ ಮೇಲ್ಮೈ ಹೊಂದುವುದಿಲ್ಲ. ಆಗ ಸಂಖ್ಯೆ ಸೊನ್ನೆಗೆ ತರಲು ರೋಗಿಯನ್ನು ಆಚೀಚೆ ಜರುಗಿಸುತ್ತ ಕೂರಬಾರದು. ಎಕ್ಸ್-ರೇ ಚಿತ್ರದಲ್ಲಿ ಪಕ್ಕೆಲುಬು ಸರಿಯಾಗಿವೆಯೇ ನೋಡಿ, ಸರಿಯಿದ್ದರೆ ಆ ದಿನದ ಮೇಲ್ಮೈಯನ್ನೇ ಹೊಸ ಆಧಾರವಾಗಿ ಇಟ್ಟುಕೊಳ್ಳಬೇಕು.