ಲೆಕ್ಕದಲ್ಲಿ ಲಾಭ, ಗಲ್ಲಾಪೆಟ್ಟಿಗೆ ಖಾಲಿ

ವರ್ಷದ ಲೆಕ್ಕಪತ್ರ ಲಾಭ ತೋರಿಸುತ್ತಿದೆ, ಆದರೆ ತಿಂಗಳ ಕೊನೆಗೆ ಸಂಬಳ ಕೊಡಲು ಕೈಸಾಲ ಮಾಡಬೇಕು. ಹೀಗಾದಾಗ ಮಾಲೀಕರಿಗೆ ಮೊದಲ ಅನುಮಾನ ಲೆಕ್ಕ ಬರೆಯುವವರ ಮೇಲೆ, ಎರಡನೆಯದು ದುಡ್ಡು ಎಣಿಸುವವರ ಮೇಲೆ. ಸಾಮಾನ್ಯವಾಗಿ ಇಬ್ಬರದೂ ತಪ್ಪಿರುವುದಿಲ್ಲ. ಬಿಲ್ ಮಾಡಿದ ದಿನವೇ ಲಾಭ ಪುಸ್ತಕಕ್ಕೆ ಏರುತ್ತದೆ, ದುಡ್ಡು ಬರುವುದು ಗಿರಾಕಿ ಕೊಟ್ಟಾಗ. ನಡುವಿನ ದಿನಗಳ ಭಾರ ಯಾರಾದರೂ ಹೊರಲೇಬೇಕಲ್ಲ.

ಆ ದಿನಗಳನ್ನು ಎಣಿಸುವುದು ಕಷ್ಟವೇನಲ್ಲ. ಮಾಲು ಗೋದಾಮಿನಲ್ಲಿ ಕೂರುವ ದಿನಗಳಿಗೆ ಉದ್ರಿ ವಸೂಲಾಗುವ ದಿನಗಳನ್ನು ಕೂಡಿ, ಸರಬರಾಜುದಾರರು ನಿಮಗೆ ಕೊಟ್ಟಿರುವ ಗಡುವನ್ನು ಕಳೆಯಿರಿ. ದಾಸ್ತಾನು 45 ದಿನ, ವಸೂಲಿ 60, ಸರಬರಾಜುದಾರರ ಗಡುವು 30 ಎಂದಾದರೆ ಉತ್ತರ 75. ನೀವು ಹಾಕಿದ ದುಡ್ಡು 75 ದಿನ ಹೊರಗೇ ತಿರುಗುತ್ತಿರುತ್ತದೆ.

ಇದಕ್ಕೆ ಮೊತ್ತ ಹಚ್ಚಿ ನೋಡೋಣ. ತಿಂಗಳ ಮಾರಾಟ 10 ಲಕ್ಷ, ಅದರ ಅಸಲು 8 ಲಕ್ಷ. 75 ದಿನ ಎಂದರೆ ಎರಡೂವರೆ ತಿಂಗಳು, ಅಂದರೆ 20 ಲಕ್ಷ ಸದಾ ಸಿಕ್ಕಿಕೊಂಡಿರುತ್ತದೆ. ಬಾಡಿಗೆ, ಸಂಬಳ, ಬಡ್ಡಿ ಎಲ್ಲ ಕಳೆದು ತಿಂಗಳಿಗೆ 1 ಲಕ್ಷ ಉಳಿಯುತ್ತದೆ ಎನ್ನಿ. ಈಗ ವ್ಯಾಪಾರ ದುಪ್ಪಟ್ಟಾಯಿತು, ಎಲ್ಲರೂ ಅಭಿನಂದಿಸಿದರು. ಸಿಕ್ಕಿಕೊಳ್ಳುವ ಹಣ ಮಾತ್ರ 40 ಲಕ್ಷಕ್ಕೆ ಏರಿತು. ಹೊಸದಾಗಿ ಬೇಕಾದ 20 ಲಕ್ಷ, ಹಳೆಯ ದರದಲ್ಲಿ 20 ತಿಂಗಳ ಉಳಿತಾಯ. ಮಾರಾಟದ ಜೊತೆ ಲಾಭವೂ ಏರುತ್ತದೆ ನಿಜ, ಆದರೆ ಅದೂ ಉದ್ರಿಯ 60 ದಿನ ದಾಟಿಯೇ ಕೈಗೆ ಬರಬೇಕು. ನಷ್ಟದಲ್ಲಿರುವ ವ್ಯಾಪಾರ ನಿಧಾನವಾಗಿ ಮುಳುಗುತ್ತದೆ; ಬಂಡವಾಳ ಹೊಂದಿಸಿಕೊಳ್ಳದೆ ಬೆಳೆಯುವುದು ಒಂದೇ ತಿಂಗಳಲ್ಲಿ ಉಸಿರುಗಟ್ಟಬಹುದು.

ದೊಡ್ಡವರೂ ಇದಕ್ಕೆ ಹೊರತಲ್ಲ. ಕಂಪ್ಯೂಟರ್ ತಯಾರಿಸುವ ಡೆಲ್ ಕಂಪನಿ ಓಡುವ ವೇಗದಲ್ಲಿ ಬೆಳೆದು 1993ರಲ್ಲಿ ನಗದಿನ ಇಕ್ಕಟ್ಟಿಗೆ ಸಿಲುಕಿತು. ಆಮೇಲೆ ಅದು ಆದ್ಯತೆಗಳ ಸಾಲನ್ನೇ ಬದಲಿಸಿತು: ಮೊದಲು ನಗದು, ನಂತರ ಲಾಭ, ಕೊನೆಗೆ ಬೆಳವಣಿಗೆ. ಆರ್ಡರ್ ಬಂದ ಮೇಲೆಯೇ ಯಂತ್ರ ಜೋಡಿಸುವ ಪದ್ಧತಿಯಿಂದ ದಾಸ್ತಾನಿನ ದಿನಗಳನ್ನು ಇಳಿಸುತ್ತಾ ಹೋಗಿ, ಅದೇ ದಶಕ ಮುಗಿಯುವುದರೊಳಗೆ ಆ 75ರ ಜಾಗದಲ್ಲಿ ಸೊನ್ನೆಗಿಂತ ಕಡಿಮೆ ಅಂಕಿ ಬರುವಂತೆ ಮಾಡಿತು. ಗಿರಾಕಿಯ ಹಣ ಮೊದಲು ಬಂತು, ಬಿಡಿಭಾಗದವರಿಗೆ ಕೊಡುವುದು ಆಮೇಲೆ.

ದಾಸ್ತಾನಿನಲ್ಲಿ ಮೋಸ ಮಾಡುವುದು ಸರಾಸರಿ. 45 ದಿನ ಎಂಬ ಅಂಕಿಯನ್ನು ಬಿಡಿಸಿದರೆ, ಮಾರಾಟದ ಐದರಲ್ಲಿ ನಾಲ್ಕು ಪಾಲು ತರುವ ಮಾಲು 15 ದಿನಕ್ಕೆ ಖಾಲಿಯಾಗುತ್ತಿರಬಹುದು, ಉಳಿದ ಒಂದು ಪಾಲಿನದು 165 ದಿನ ಧೂಳು ತಿನ್ನುತ್ತಿರಬಹುದು. ಎರಡನ್ನೂ ಸೇರಿಸಿದರೆ ಸರಾಸರಿ 45ಕ್ಕೇ ಬರುತ್ತದೆ. ಆದರೆ ಗೋದಾಮಿನಲ್ಲಿ ಕೂತ ದುಡ್ಡಿನ ಸುಮಾರು 73% ಆ ಐದನೆಯ ಒಂದು ಪಾಲಿನದು. ಆದ್ದರಿಂದ ಪಟ್ಟಿಯನ್ನು ಕೊನೆಯ ಮಾರಾಟದ ತಾರೀಖಿನ ಪ್ರಕಾರ ಜೋಡಿಸಿ, 90 ದಿನದಿಂದ ಅಲುಗಾಡದ್ದನ್ನು ಬೇರೆ ಮಾಡಿ. ಅಸಲಿಗೆ ಮಾರಿದರೂ, ಅಸಲಿಗಿಂತ ಕೆಳಗೆ ಮಾರಿದರೂ ದುಡ್ಡು ಬಿಡುಗಡೆಯಾಗುತ್ತದೆ. ನಷ್ಟ ಆಗಲೇ ಆಗಿಹೋಗಿದೆ, ಪುಸ್ತಕಕ್ಕೆ ಮಾತ್ರ ಇನ್ನೂ ಗೊತ್ತಿಲ್ಲ.

ವಸೂಲಿಯ ವಿಷಯದಲ್ಲಿ ಗಿರಾಕಿಯನ್ನು ಬೈಯುವ ಮೊದಲು ನಿಮ್ಮ ಬಿಲ್ ನೋಡಿಕೊಳ್ಳಿ. ಮಾಲು ಒಂದನೇ ತಾರೀಖು ಹೋಗಿ ಬಿಲ್ ಎಂಟಕ್ಕೆ ಹೋದರೆ, 30 ದಿನದ ಗಡುವು ಅಲ್ಲೇ 37 ಆಯಿತು. ದೊಡ್ಡ ಕಂಪನಿಗಳಲ್ಲಿ ಖರೀದಿ ಆದೇಶದ ಸಂಖ್ಯೆ ಇಲ್ಲದ ಬಿಲ್ ಯಾರ ಮೇಜಿನ ಮೇಲೋ ಸುಮ್ಮನೆ ಬಿದ್ದಿರುತ್ತದೆ, ವಾಪಸ್ ಕೂಡ ಬರುವುದಿಲ್ಲ. ಹತ್ತು ಬಾಬ್ತಿನ ಬಿಲ್ಲಿನಲ್ಲಿ ಒಂದರ ಬಗ್ಗೆ ತಕರಾರಿದ್ದರೂ ಹತ್ತೂ ನಿಲ್ಲುತ್ತವೆ. ಆಗ ತಕರಾರಿನ ಬಾಬ್ತನ್ನು ಬೇರೆ ಬಿಲ್ ಮಾಡಿ, ಉಳಿದ ಒಂಬತ್ತಕ್ಕೆ ಹಣ ಕೇಳಿ. ಗಡುವಿಗೆ ಮೂರು ದಿನ ಮೊದಲು ಒಂದು ಫೋನ್ ಮಾಡಿ: "ಬಿಲ್ ಪಾಸಾಯಿತಾ, ಏನಾದರೂ ಕಾಗದ ಕಡಿಮೆ ಇದೆಯಾ?" ಈ ಪ್ರಶ್ನೆಗೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಗಡುವು ಮುಗಿದು ತಿಂಗಳಾದ ಮೇಲೆ ಇದನ್ನೇ ಕೇಳಿದರೆ ಜಗಳ. ಬಾಕಿ ಪಟ್ಟಿಯನ್ನು 30, 60, 90 ದಿನಗಳ ಕಂತೆಗಳಾಗಿ ಇಡಿ. ವಸೂಲಿಯ 60 ದಿನ 45ಕ್ಕೆ ಇಳಿದರೆ ಮೇಲಿನ ಲೆಕ್ಕದಲ್ಲಿ 4 ಲಕ್ಷ ಅಸಲು ಬಿಡುಗಡೆ, ಬಡ್ಡಿಯಿಲ್ಲದೆ.

ಬೇಗ ಕೊಟ್ಟರೆ ರಿಯಾಯಿತಿ ಎಂಬ ಉಪಾಯಕ್ಕೆ ಅವಸರ ಬೇಡ. 30 ದಿನದ ಬದಲು 10 ದಿನದಲ್ಲಿ ಕೊಟ್ಟರೆ 2% ಬಿಡುತ್ತೇವೆ ಎನ್ನುವುದು ಚಿಕ್ಕ ಮೊತ್ತದಂತೆ ಕಾಣುತ್ತದೆ. 98ನ್ನು 20 ದಿನ ಮೊದಲೇ ಪಡೆಯಲು 2 ಕೊಡುತ್ತಿದ್ದೀರಿ, ವರ್ಷಕ್ಕೆ ಸುಮಾರು 37% ಆಯಿತು. ಅಷ್ಟು ಬಡ್ಡಿಗೆ ಬ್ಯಾಂಕಿನಲ್ಲಿ ಸಾಲ ಕೇಳಿದ್ದರೆ ಎದ್ದು ಬರುತ್ತಿದ್ದಿರಿ. ಕೆಲವು ಗಿರಾಕಿಗಳು 30ನೇ ದಿನವೇ ಕೊಟ್ಟು 2% ಮುರಿದುಕೊಳ್ಳುವುದೂ ಉಂಟು. ಇದೇ ರಿಯಾಯಿತಿಯನ್ನು ನಿಮ್ಮ ಸರಬರಾಜುದಾರರು ಮುಂದಿಟ್ಟರೆ, ಕೈಯಲ್ಲಿ ನಗದಿದ್ದರೆ ಬಿಡಬೇಡಿ. ಅವರ ಬಾಕಿಯನ್ನು ಸುಮ್ಮನೆ ಎಳೆಯುವುದು ಮಾತ್ರ ದುಬಾರಿ ಆಟ. ಮಾಲಿಗೆ ಕೊರತೆ ಬಂದ ದಿನ ನಿಮ್ಮ ಹೆಸರು ಅವರ ಪಟ್ಟಿಯ ತಳದಲ್ಲಿರುತ್ತದೆ.

ಇನ್ನು ಹಾಳೆಯ ಕೆಲಸ. ಮುಂದೆ ಬರುವ, ಹೋಗುವ ಹಣದ ಅಂದಾಜಿಗೆ ಸ್ಪ್ರೆಡ್‌ಶೀಟ್‌ನಲ್ಲಿ ಮುಂದಿನ 13 ವಾರಗಳಿಗೆ 13 ಕಂಬಸಾಲು ಮಾಡಿ. ಪ್ರತಿ ವಾರಕ್ಕೂ ಆರಂಭದ ಶಿಲ್ಕು, ಬರುವ ಹಣ, ಹೋಗುವ ಹಣ, ಕೊನೆಯ ಶಿಲ್ಕು. ಈ ವಾರದ ಕೊನೆ ಮುಂದಿನ ವಾರದ ಆರಂಭ. ಬರುವ ಹಣವನ್ನು ಬಿಲ್ಲಿನ ಗಡುವಿನ ವಾರದಲ್ಲಿ ಹಾಕಬೇಡಿ, ಆ ಗಿರಾಕಿ ವಾಡಿಕೆಯಂತೆ ಕೊಡುವ ವಾರದಲ್ಲಿ ಹಾಕಿ. ಈ ಹಾಳೆ ಸುಳ್ಳಾಗುವುದು ಬಹುಪಾಲು ಇಲ್ಲೇ. ಸವಕಳಿ, ಅಂದರೆ ಯಂತ್ರ ಹಳೆಯದಾದಂತೆ ಪುಸ್ತಕದಲ್ಲಿ ಇಳಿಸುವ ಬೆಲೆ, ಇಲ್ಲಿ ಬರುವುದಿಲ್ಲ, ಅದಕ್ಕೆ ದುಡ್ಡು ಹೊರಹೋಗುವುದಿಲ್ಲವಲ್ಲ. ಸಾಲದ ಅಸಲಿನ ಕಂತು ಬರುತ್ತದೆ, ಲಾಭ-ನಷ್ಟದ ಪಟ್ಟಿಯಲ್ಲಿ ಅದು ಕಾಣದಿದ್ದರೂ. ಗಿರಾಕಿಯಿಂದ ವಸೂಲಾದ ಮಾರಾಟ ತೆರಿಗೆಗೆ ಬೇರೆ ಅಡ್ಡಸಾಲು ಇಡಿ, ಅದು ಕಟ್ಟುವ ದಿನದವರೆಗೆ ನಿಮ್ಮ ಬಳಿ ಇರುವ ಪರರ ಹಣ. ವರ್ಷಕ್ಕೊಮ್ಮೆ ಬರುವ ವಿಮೆ, ಬೋನಸ್ ಮರೆತುಹೋಗುವ ಬಾಬ್ತುಗಳು.

ಪ್ರತಿ ಸೋಮವಾರ ಕಳೆದ ವಾರದ ಅಂದಾಜಿನ ಪಕ್ಕದಲ್ಲಿ ನಿಜವಾದ ಅಂಕಿ ಬರೆದು, ತುದಿಗೆ ಹೊಸ ವಾರ ಸೇರಿಸಿ. ಅರ್ಧ ಗಂಟೆಯ ಕೆಲಸ. ಒಂಬತ್ತನೇ ವಾರದಲ್ಲಿ ಶಿಲ್ಕು ಸೊನ್ನೆಗಿಂತ ಕೆಳಗೆ ಹೋದರೆ ಖರೀದಿ ಮುಂದೂಡಲು, ಹೊಸ ಆರ್ಡರಿಗೆ ಮುಂಗಡ ಕೇಳಲು, ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಮಿತಿ ಏರಿಸಲು ಇನ್ನೂ ಎರಡು ತಿಂಗಳಿದೆ. ಅದೇ ಹಳ್ಳ ಸಂಬಳದ ಹಿಂದಿನ ದಿನ ಕಂಡರೆ ಉಳಿಯುವುದು ಕೈಸಾಲವೊಂದೇ.